ಸ್ಪ್ಯಾನರ್ ಮುಟ್ಟುವ ಮುಂಚೆ

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಒಳಗೆ ಬರುವಾಗ ಬಾಗಿಲ ಹತ್ತಿರ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಸೈಕಲ್ ಹಿಡಿದುಕೊಂಡು ನಿಂತಿದ್ದ. "ಮಿಸ್, ತುಳುದ್ರೆ ಟಕ್ ಟಕ್ ಅಂತದೆ. ಎರಡ್ ಸಲ ಅಂಗಡಿಗೆ ಕೊಟ್ಟೊ, ಹೋಗ್ನಿಲ್ಲ" ಅಂದ. ಏನು ಮಾಡಿಸಿದಿರಿ ಅಂತ ಕೇಳಿದೆ. ಒಂದು ಸಲ ಪೆಡ್ಲು ಬದಲಾಯಿಸಿದರಂತೆ. ಇನ್ನೊಂದು ಸಲ ಕ್ರ್ಯಾಂಕ್, ಅಂದರೆ ಪೆಡ್ಲು ಕೂರುವ ಕಬ್ಬಿಣದ ತೋಳು, ಬಿಚ್ಚಿ ಒಳಗಿನ ಗುಂಡುಗಳನ್ನೆಲ್ಲ ಹೊಸದು ಹಾಕಿದರಂತೆ. ದುಡ್ಡು ಹೋಯಿತು, ಸದ್ದು ಉಳಿಯಿತು. ಆ ಸೈಕಲ್ ಈಗ ಇಲ್ಲೇ ನನ್ನ ಪಕ್ಕದಲ್ಲಿದೆ. ಮಾತು ಮುಗಿದ ಮೇಲೆ ಅಂಗಳಕ್ಕೆ ಹೋಗಿ, ಆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಎಲ್ಲರೂ ಸೇರಿ ಹುಡುಕೋಣ.

ನಮ್ಮಪ್ಪನಿಗೆ ಸೈಕಲ್ ಶಾಪ್ ಇತ್ತು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಕಾಲ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದ ಹನ್ನೆರಡು ಸೈಕಲ್ ಇದ್ದವು. ಜೊತೆಗೆ ರಿಪೇರಿ. ಯಾರಾದರೂ ಸೈಕಲ್ ತಂದರೆ ಅಪ್ಪ ಮೊದಲು ಸ್ಪ್ಯಾನರ್ ತೆಗೆದುಕೊಳ್ಳುತ್ತಿರಲಿಲ್ಲ. "ಯಾವಾಗ ಸದ್ದು ಬತ್ತದೆ? ತುಳಿವಾಗಲೋ, ಸುಮ್ನೆ ಹೋಗುವಾಗಲೋ?" ಅಂತ ಕೇಳುತ್ತಿದ್ದರು. ಆಮೇಲೆ ತಾವೇ ಹತ್ತಿ ಬೀದಿ ಕೊನೆಯವರೆಗೆ ಹೋಗಿ ಬರುತ್ತಿದ್ದರು. ಬಂದು ಇಳಿಯುವಾಗ ಕಾಯಿಲೆ ಏನು ಅಂತ ಗೊತ್ತಾಗಿರುತ್ತಿತ್ತು. ನಾನು ವಿಜ್ಞಾನದ ಟೀಚರ್ ಆದ ಮೇಲೆ ಅರ್ಥವಾಯಿತು, ಅಪ್ಪ ಮಾಡುತ್ತಿದ್ದದ್ದು ಒಳ್ಳೆಯ ವಿಜ್ಞಾನವೇ. ಊಹೆ ಮಾಡುವ ಮುಂಚೆ ನೋಡು, ಕೇಳು, ಎಣಿಸು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೂ ಇದನ್ನೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಗುಂಪು ಗುಂಪಾಗಿ ನಾಲೆ ಏರಿ ಮೇಲೆ ಸೈಕಲ್ ತುಳಿದುಕೊಂಡು ಶಾಲೆಗೆ ಬರುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಅದೇ ಸೈಕಲ್‌ಗಳು ಕೊಟ್ಟಿಗೆ ಗೋಡೆಗೆ ಒರಗಿ, ಮೇಲೆ ಹುಲ್ಲು ಬಿದ್ದು, ತುಕ್ಕು ಹಿಡಿದು ನಿಂತಿರುವುದನ್ನೂ ನೋಡಿದ್ದೇನೆ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಒಂದು ತಿಂಗಳು ದಿನಾ ತಡವಾಗಿ ಬರುತ್ತಿದ್ದಳು. ಮನೆಗೆ ಹೋಗಿ ವಿಚಾರಿಸಿದೆ. "ಸೈಕಲ್ ಭಾರ ಆಗ್ಬುಟ್ಟದೆ ಮಿಸ್, ತುಳಿಯಕ್ಕೆ ಆಗಲ್ಲ" ಅಂದಳು. ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದಳು. ಹಿಂದಿನ ಚಕ್ರ ಎತ್ತಿ ತಿರುಗಿಸಿದೆ. ಅರ್ಧ ಸುತ್ತಿಗೆ ನಿಂತಿತು. ಬ್ರೇಕ್ ರಬ್ಬರ್ ಒಂದು ಕಡೆ ರಿಮ್ಮಿಗೆ ತಾಗಿಕೊಂಡೇ ಇತ್ತು. ನಟ್ಟು ಸಡಿಲಿಸಿ, ರಬ್ಬರ್ ಪಕ್ಕಕ್ಕೆ ಸರಿಸಿ, ಬಿಗಿ ಮಾಡಿದೆ. ಎರಡು ನಿಮಿಷ ಹಿಡಿಯಿತು. ಎರಡು ನಿಮಿಷದ ಕೆಲಸಕ್ಕೆ ಮಗು ಒಂದು ತಿಂಗಳು ನಡೆಯಿತಲ್ಲ ಅಂತ ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸರಿ, ಈಗ ಹುಡುಕುವ ಬಗೆ ನೋಡೋಣ.

ಮೊದಲ ಪ್ರಶ್ನೆ ಅಪ್ಪನದೇ. ಸ್ವಲ್ಪ ವೇಗದಲ್ಲಿ ಹೋಗುವಾಗ ತುಳಿಯುವುದನ್ನು ನಿಲ್ಲಿಸಿ. ಸದ್ದು ನಿಂತಿತಾ? ನಿಂತರೆ ತೊಂದರೆ ಇರುವುದು ಕಾಲಿನ ಬಲ ಹೋಗುವ ದಾರಿಯಲ್ಲಿ. ಅಂದರೆ ಪೆಡ್ಲು, ಕ್ರ್ಯಾಂಕ್, ಅದರ ಅಚ್ಚು, ಚೈನು ಇವುಗಳಲ್ಲಿ. ನಿಲ್ಲಲಿಲ್ಲ ಅಂದರೆ ಚಕ್ರದ ಕಡೆ ನೋಡಬೇಕು. ಟೈರು ಮಡ್‌ಗಾರ್ಡಿಗೆ ತಾಗುತ್ತಿರಬಹುದು, ಕಡ್ಡಿ ಸಡಿಲ ಆಗಿರಬಹುದು, ಚಕ್ರದ ನಡುವಿನ ಹಬ್ಬಿನೊಳಗಿನ ಗುಂಡು ಸವೆದಿರಬಹುದು, ಬ್ರೇಕ್ ಉಜ್ಜುತ್ತಿರಬಹುದು. ಇದೊಂದೇ ಪ್ರಶ್ನೆಗೆ ಅರ್ಧ ಸೈಕಲ್ ಲೆಕ್ಕದಿಂದ ಆಚೆ ಹೋಗುತ್ತೆ.

ಎರಡನೆಯದು ಎಣಿಸುವುದು. ಇದು ನನಗೆ ತುಂಬಾ ಇಷ್ಟ. ನಮ್ಮ ಹಳೇ ಕಾಲದ ಕಪ್ಪು ಸೈಕಲ್ ತೆಗೆದುಕೊಳ್ಳಿ. ಮುಂದಿನ ಹಲ್ಲು ಚಕ್ರಕ್ಕೆ 44 ಹಲ್ಲು, ಹಿಂದಿನ ಹಲ್ಲು ಚಕ್ರಕ್ಕೆ, ಅಂದರೆ ಫ್ರೀವೀಲಿಗೆ, 18 ಹಲ್ಲು ಇದೆ ಅಂದುಕೊಳ್ಳಿ. 44ನ್ನು 18ರಿಂದ ಭಾಗಿಸಿದರೆ ಸುಮಾರು 2.4. ಪೆಡ್ಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡೂವರೆ ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತೆ. ಈಗ ಸದ್ದನ್ನು ಎಣಿಸಿ. ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದು ಸಲ ಟಕ್ ಅಂದರೆ ಅದು ಪೆಡ್ಲಿನ ಲೆಕ್ಕ. ಒಂದು ಸುತ್ತು ತುಳಿಯುವುದರೊಳಗೆ ಎರಡು ಮೂರು ಸಲ ಬಂದರೆ ಚಕ್ರದ ಲೆಕ್ಕ. ಇನ್ನೊಂದು ಇದೆ, ಇದನ್ನು ಯಾರೂ ಎಣಿಸುವುದಿಲ್ಲ. ಅಂಥ ಸೈಕಲ್ಲಿನ ಚೈನಿನಲ್ಲಿ ಸುಮಾರು 112 ಕೊಂಡಿ ಇರುತ್ತೆ. 112ನ್ನು 44ರಿಂದ ಭಾಗಿಸಿದರೆ ಸುಮಾರು ಎರಡೂವರೆ. ಅಂದರೆ ಎರಡೂವರೆ ಸುತ್ತು ತುಳಿದರೆ ಚೈನು ಒಂದು ಪೂರ್ತಿ ಸುತ್ತು ಬರುತ್ತೆ. ಸದ್ದು ಎರಡೂವರೆ ಸುತ್ತಿಗೆ ಒಂದೇ ಸಲ ಬಂದರೆ, ಚೈನಿನ ಯಾವುದೋ ಒಂದು ಕೊಂಡಿ ಬಿಗಿಯಾಗಿದೆ. ಪೆಡ್ಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಆ ಕೊಂಡಿ ಫ್ರೀವೀಲ್ ದಾಟುವಾಗ ಬಾಗದೆ ಸೆಟೆದುಕೊಳ್ಳುವುದು ಕಣ್ಣಿಗೇ ಕಾಣುತ್ತೆ. ಎಣ್ಣೆ ಬಿಟ್ಟು ಆ ಕೊಂಡಿಯನ್ನು ಕೈಯಲ್ಲಿ ಎಡಕ್ಕೆ ಬಲಕ್ಕೆ ಸ್ವಲ್ಪ ಅಲ್ಲಾಡಿಸಿದರೆ ಬಹಳ ಸಲ ಸಾಕು.

ಚೈನಿನ ವಿಷಯ ಬಂತಲ್ಲ, ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಕಡೆ ಜಾಸ್ತಿ ಕೇಳುವ ದೂರು "ಚೈನ್ ಕಳಚ್ಕೊತದೆ" ಅನ್ನುವುದು. ಮಕ್ಕಳು ದಾರಿಯಲ್ಲಿ ಕೈಯೆಲ್ಲ ಕಪ್ಪು ಮಾಡಿಕೊಂಡು ಹಾಕುತ್ತಾರೆ, ಅರ್ಧ ಮೈಲಿ ಹೋಗುವಷ್ಟರಲ್ಲಿ ಮತ್ತೆ ಕಳಚುತ್ತೆ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಚೈನು ಕಳಚುವುದಕ್ಕೆ ಮುಖ್ಯ ಕಾರಣ ಅದು ಸಡಿಲ ಆಗಿರುವುದು. ಕೆಳಗಿನ ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಅರ್ಧ ಇಂಚು ಆಡಿದರೆ ಸರಿ. ಒಂದು ಇಂಚಿಗಿಂತ ಜಾಸ್ತಿ ಆಡಿದರೆ ಕಳಚುತ್ತೆ. ಹಿಂದಿನ ಅಚ್ಚಿನ ಎರಡೂ ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆ ಎಳೆದು, ಮತ್ತೆ ಬಿಗಿ ಮಾಡಿ. ಎಳೆಯುವಾಗ ಚಕ್ರ ಎರಡು ಕಂಬಿಗಳ ನಡುವೆ ನೇರವಾಗಿದೆಯಾ ಅಂತ ಹಿಂದಿನಿಂದ ಕಣ್ಣಿಟ್ಟು ನೋಡಬೇಕು. ಚಕ್ರ ಓರೆಯಾದರೆ ಚೈನು ಬಿಗಿ ಇದ್ದರೂ ಕಳಚುತ್ತೆ. ಇದೇ ಜಾಗದಲ್ಲಿ ತುಂಬಾ ಜನ ತಪ್ಪು ಮಾಡುತ್ತಾರೆ. ಬಿಗಿ ಆಯಿತು ಅಂತ ಖುಷಿಪಟ್ಟು ನೇರ ಆಯಿತಾ ಅಂತ ನೋಡುವುದಿಲ್ಲ. ಇನ್ನೊಂದು ಮಾತು, ಪೆಡ್ಲು ಒಂದು ಸುತ್ತು ತಿರುಗಿಸುತ್ತಾ ನಾಲ್ಕು ಕಡೆ ಬೆರಳಿಟ್ಟು ನೋಡಿ. ಎಲ್ಲಿ ತೀರಾ ಬಿಗಿ ಇದೆಯೋ ಅಲ್ಲಿಯೂ ಸ್ವಲ್ಪ ಆಟ ಇರಬೇಕು.

ಎಷ್ಟು ಎಳೆದರೂ ಸಡಿಲ ಆಗುತ್ತಲೇ ಇದ್ದರೆ ಚೈನು ಸವೆದಿದೆ. "ಚೈನ್ ಎಳೆದುಕೊಂಡಿದೆ" ಅನ್ನುತ್ತೇವೆ. ಆದರೆ ಕಬ್ಬಿಣ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದು ಕೂರುವ ಜಾಗ ಕೂದಲೆಳೆಯಷ್ಟು ಸವೆಯುತ್ತೆ. ನೂರಹನ್ನೆರಡು ಕಡೆಯ ಆ ಸವೆತ ಸೇರಿದಾಗ ಚೈನು ಉದ್ದವಾಗುತ್ತೆ. ಅಳೆಯುವುದು ಸುಲಭ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಹಾಗಾಗಿ 24 ಕೊಂಡಿಗೆ 12 ಇಂಚು. ಕಬ್ಬಿಣದ ಟೇಪು ಹಿಡಿದು ಒಂದು ಪಿನ್ನಿನ ನಡುವೆ ಸೊನ್ನೆ ಇಡಿ. 12 ಇಂಚಿನ ಗೆರೆ ಮೇಲೆಯೇ ಪಿನ್ನು ಬಂದರೆ ಚೈನು ಚೆನ್ನಾಗಿದೆ. ಒಂದು ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನು ಬದಲಾಯಿಸಿ. ಎಂಟನೇ ಒಂದು ಭಾಗ ಆಚೆ ಹೋಗಿದ್ದರೆ ಅದು ಹಲ್ಲುಗಳನ್ನೂ ತಿಂದಿರುತ್ತೆ. ಫ್ರೀವೀಲನ್ನೂ ಜೊತೆಗೇ ಬದಲಾಯಿಸಬೇಕಾಗುತ್ತೆ. ಆಗ ಹೊಸ ಚೈನು ಮಾತ್ರ ಹಾಕಿದರೆ ಸವೆದ ಹಲ್ಲಿನ ಮೇಲೆ ಅದು ಜಾರುತ್ತೆ, ಅಂಗಡಿಯವನು ಮೋಸ ಮಾಡಿದ ಅಂತ ನಾವು ಬೈಯುತ್ತೇವೆ. ಈ ಥರದ ಚೈನಿಗೆ ಹ್ಯಾನ್ಸ್ ರೆನಾಲ್ಡ್ ಅನ್ನುವವನು ಇಂಗ್ಲೆಂಡಿನಲ್ಲಿ 1880ರಲ್ಲಿ ಪೇಟೆಂಟ್ ತೆಗೆದುಕೊಂಡ. ನಮ್ಮ ಸೈಕಲ್ಲಿನಲ್ಲಿ ಇವತ್ತಿಗೂ ಓಡುತ್ತಿರುವುದು ಅದೇ ರಚನೆ.

ಎಣ್ಣೆ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ದಯವಿಟ್ಟು ಅಡುಗೆ ಎಣ್ಣೆ ಬೇಡ. ಅದು ಕೆಲವು ದಿನಕ್ಕೆ ಅಂಟು ಅಂಟಾಗಿ ಗೋಂದಿನ ಹಾಗಾಗುತ್ತೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುತ್ತಮುತ್ತ ಗಟ್ಟಿಯಾಗುವ ಎಣ್ಣೆ. ಮಾರ್ಗಶಿರದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದು ಚೈನಿನಲ್ಲೂ ಹೆಪ್ಪುಗಟ್ಟುತ್ತೆ, ಅಲ್ವಾ? ಗ್ರೀಸೂ ಬೇಡ. ಅದು ಮೇಲೆ ಕೂತು ಧೂಳು ಹಿಡಿಯುತ್ತೆ, ಪಿನ್ನಿನ ಒಳಗೆ ಹೋಗುವುದೇ ಇಲ್ಲ. ತೆಳುವಾದ ಮೆಷಿನ್ ಆಯಿಲ್ ತೆಗೆದುಕೊಂಡು ಒಂದೊಂದು ಕೊಂಡಿಗೂ ಒಂದೊಂದು ಹನಿ ಬಿಡಿ. ಪೆಡ್ಲು ಹಿಂದಕ್ಕೆ ತಿರುಗಿಸಿ. ಒಳಗೆ ಇಳಿಯಲು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಹಳೇ ಬನಿಯನ್ ಬಟ್ಟೆಯಿಂದ ಹೊರಗಿನ ಎಣ್ಣೆಯನ್ನೆಲ್ಲ ಒರೆಸಿ. ಒರೆಸಿದರೆ ಎಣ್ಣೆ ವ್ಯರ್ಥ ಅನ್ನಬೇಡಿ. ಬೇಕಾದದ್ದು ಒಳಗಿದೆ. ಹೊರಗೆ ಉಳಿದದ್ದು ಕಬ್ಬಿನ ಗದ್ದೆ ದಾರಿಯ ಧೂಳನ್ನು ಸೇರಿಸಿಕೊಂಡು ಉಪ್ಪು ಕಾಗದದ ಹಾಗೆ ಚೈನನ್ನೇ ಉಜ್ಜುತ್ತೆ.

ಇನ್ನು ಪಂಚರ್. 1888ರಲ್ಲಿ ಡನ್‌ಲಪ್ ಅನ್ನುವವನು ಗಾಳಿ ತುಂಬಿದ ಸೈಕಲ್ ಟೈರಿಗೆ ಪೇಟೆಂಟ್ ತೆಗೆದುಕೊಂಡ. ಅವತ್ತಿನಿಂದ ಪಂಚರ್ ಕೂಡ ನಮ್ಮ ಜೊತೆಗಿದೆ. ಹಾಕುವುದು ಹೇಗೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ನಾನು ಹೇಳಬೇಕಾದ್ದು ತೂತನ್ನು ಓದುವುದು ಹೇಗೆ ಅಂತ. ಟ್ಯೂಬು ಬಿಚ್ಚುವ ಮುಂಚೆ ಗಾಳಿ ಹೊಡೆಯುವ ವಾಲ್ ಇರುವ ಕಡೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಕೆಟ್ ನೀರಿನಲ್ಲಿ ಗುಳ್ಳೆ ಎಲ್ಲಿ ಬಂತು ನೋಡಿ. ಟ್ಯೂಬನ್ನು ಟೈರಿನ ಪಕ್ಕದಲ್ಲಿ ಮೊದಲಿದ್ದ ಹಾಗೇ ಇಟ್ಟರೆ, ಟೈರಿನ ಯಾವ ಜಾಗದಲ್ಲಿ ಮುಳ್ಳಿದೆ ಅಂತ ಗೊತ್ತಾಗುತ್ತೆ. ನಾಲೆ ಪಕ್ಕದ ಜಾಲಿ ಮುಳ್ಳು ಮುರಿದು ಟೈರಿನೊಳಗೇ ಉಳಿದಿರುತ್ತೆ. ಅದನ್ನು ತೆಗೆಯದೆ ಪ್ಯಾಚ್ ಹಾಕಿದರೆ ನಾಳೆ ಮತ್ತೆ ಅದೇ ಮುಳ್ಳು ಚುಚ್ಚುತ್ತೆ. ಟೈರಿನೊಳಗೆ ಬರಿ ಬೆರಳು ಆಡಿಸಬೇಡಿ, ಗಾಜಿದ್ದರೆ ಕುಯ್ಯುತ್ತೆ. ಬಟ್ಟೆ ಆಡಿಸಿ, ಮುಳ್ಳಿರುವ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತೆ.

ತೂತು ಟ್ಯೂಬಿನ ಹೊರಮೈಯಲ್ಲಿದ್ದರೆ ಮುಳ್ಳು, ಮೊಳೆ, ಗಾಜು. ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ರಸ್ತೆಯನ್ನು ಬೈಯಬೇಡಿ. ಕಡ್ಡಿಗಳ ತುದಿ ಮುಚ್ಚುವ ರಿಮ್ ಟೇಪು ಸರಿದು ಕಡ್ಡಿಯ ತುದಿ ಚುಚ್ಚಿದೆ. ಪಕ್ಕ ಪಕ್ಕದಲ್ಲಿ ಎರಡು ತೂತು, ಹಾವು ಕಚ್ಚಿದ ಹಾಗೆ ಇದ್ದರೆ ಗಾಳಿ ಕಡಿಮೆ ಇತ್ತು ಅಂತ ಅರ್ಥ. ಗುಂಡಿಗೆ ಬಿದ್ದಾಗ ಟ್ಯೂಬು ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜಜ್ಜಿಹೋಗಿದೆ. ಇದಕ್ಕೆ ಪ್ಯಾಚ್ ಹಾಕಿ ಮತ್ತೆ ಅಷ್ಟೇ ಗಾಳಿ ಹೊಡೆದರೆ ಮತ್ತೆ ಅದೇ ಗತಿ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ತೂತೇ ಸಿಗಲಿಲ್ಲ, ಆದರೂ ರಾತ್ರಿ ಕಳೆದರೆ ಗಾಳಿ ಇಲ್ಲ ಅನ್ನುವವರು ವಾಲ್ ನೋಡಿ. ಹಳೇ ಥರದ ವಾಲಿನೊಳಗೆ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತೆ, ವಾಲ್ ಟ್ಯೂಬ್ ಅನ್ನುತ್ತಾರೆ. ಅದು ಬಿಸಿಲಿಗೆ ಬಿರಿಯುತ್ತೆ. ಅದನ್ನು ಬದಲಾಯಿಸಿದರೆ ಸಾಕು, ಟೈರು ಬಿಚ್ಚುವುದೇ ಬೇಡ.

ಪ್ಯಾಚ್ ಹಾಕುವಾಗ ಒಂದೇ ಮಾತು. ಉಪ್ಪು ಕಾಗದದಲ್ಲಿ ಉಜ್ಜಿ, ಸಲ್ಯೂಷನ್, ಅಂದರೆ ಪಂಚರ್ ಅಂಟು, ತೆಳುವಾಗಿ ಸವರಿ, ಕಾಯಿರಿ. ಒದ್ದೆ ಹೊಳಪು ಹೋಗಿ ಮಂಕಾದ ಮೇಲೆ ಅಂಟಿಸಿ ಗಟ್ಟಿಯಾಗಿ ಒತ್ತಿ. ಹಸಿ ಇರುವಾಗಲೇ ಅಂಟಿಸಿದ ಪ್ಯಾಚ್ ಮೊದಲ ಬಿಸಿಲಿಗೇ ಏಳುತ್ತೆ.

ಬ್ರೇಕ್. ಇಲ್ಲಿ ತಂದೆತಾಯಿಯರು ದಯವಿಟ್ಟು ಗಮನ ಕೊಡಿ. ಬೆಲ್ಲು, ಬುಟ್ಟಿ, ಸ್ಟಿಕ್ಕರು ಆಮೇಲೆ. ಬ್ರೇಕ್ ಹಿಡಿ ಒತ್ತಿದಾಗ ಹ್ಯಾಂಡ್ಲಿಗೆ ತಾಗುವ ಮಟ್ಟಕ್ಕೆ ಬಂದರೆ ಆ ಸೈಕಲ್ಲನ್ನು ಮಗುವಿಗೆ ಕೊಡಬೇಡಿ. ಕೇಬಲ್ ಬ್ರೇಕ್ ಆದರೆ ಕೇಬಲ್ ಹಿಡಿಯೊಳಗೆ ಹೋಗುವ ಕಡೆ, ಅಥವಾ ಚಕ್ರದ ಹತ್ತಿರ, ಕೈಯಲ್ಲೇ ತಿರುಗಿಸುವ ಒಂದು ತಿರುಪು ಇರುತ್ತೆ. ಅದನ್ನು ಹೊರಕ್ಕೆ ಬಿಚ್ಚುವ ಹಾಗೆ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತೆ. ಹಿಡಿ ಒತ್ತಿ ಬಿಟ್ಟರೂ ವಾಪಸ್ ಬರದಿದ್ದರೆ ಕೇಬಲ್ ಒಳಗೆ ತುಕ್ಕು ಹಿಡಿದಿದೆ. ಒಂದು ಎಳೆ ಕಿತ್ತು ಹೊರಗೆ ಬಂದಿದ್ದರೂ ಕೇಬಲ್ ಬದಲಾಯಿಸಿ. ಉಳಿದ ಎಳೆಗಳು ಯಾವತ್ತು ಹೋಗುತ್ತವೋ ಹೇಳಲಾಗದು. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು. ಟೈರಿಗೆ ತಾಗುತ್ತಿದ್ದರೆ ಟೈರಿನ ಗೋಡೆ ಸವೆದು ಒಂದು ದಿನ ಢಂ ಅನ್ನುತ್ತೆ. ಇನ್ನು ಮಳೆಗಾಲ. ಹೊಳೆಯುವ ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನುವಷ್ಟು ಜಾರುತ್ತೆ. ಅಲ್ಯೂಮಿನಿಯಂ ರಿಮ್ ಅಷ್ಟು ಕೆಟ್ಟದಲ್ಲ. ಮಳೆಯಲ್ಲಿ ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮುಂಚೆಯೇ ಮೆಲ್ಲಗೆ ಬ್ರೇಕ್ ಒತ್ತುತ್ತಾ ರಿಮ್ಮಿನ ನೀರು ಒರೆಸಿಕೊಳ್ಳಬೇಕು. ಬ್ರೇಕ್ ಕಿರುಚುತ್ತೆ ಅಂತ ರಿಮ್ಮಿಗೋ ಡಿಸ್ಕಿಗೋ ಎಣ್ಣೆ ಬಿಟ್ಟವರನ್ನು ನೋಡಿದ್ದೇನೆ. ಸದ್ದು ಹೋಗುತ್ತೆ, ಬ್ರೇಕೂ ಹೋಗುತ್ತೆ. ಎಣ್ಣೆ ಕುಡಿದ ಡಿಸ್ಕ್ ಪ್ಯಾಡನ್ನು ಎಸೆಯಬೇಕಾಗುತ್ತೆ. ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟ ಹತ್ತುವ ಹುಡುಗರು ಹತ್ತುವ ಮುಂಚೆಯೇ ಬ್ರೇಕ್ ರಬ್ಬರ್ ನೋಡಿಕೊಳ್ಳಿ. ಇಳಿಜಾರಿನಲ್ಲಿ ನೋಡಿದರೆ ಪ್ರಯೋಜನ ಇಲ್ಲ.

ಚಕ್ರ ಬೆಂಡಾಗಿದ್ದರೆ ಬ್ರೇಕ್ ರಬ್ಬರನ್ನೇ ಅಳತೆಯಾಗಿ ಇಟ್ಟುಕೊಂಡು ತಿರುಗಿಸಿ, ಎಲ್ಲಿ ತಾಗುತ್ತೆ ಅಂತ ಗೊತ್ತಾಗುತ್ತೆ. ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ, ಸಡಿಲ ಇರುವುದು ಕೈಗೆ ಸಿಗುತ್ತೆ. ಆದರೆ ಬೆಂಡ್ ತೆಗೆಯುವುದನ್ನು ಕಲಿತವರಿಂದಲೇ ಕಲಿಯಿರಿ. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಎಳೆಯುತ್ತೆ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬಾರದು.

ಗೇರ್ ಸೈಕಲ್ ಇರುವವರಿಗೆ ಎರಡು ಮಾತು ಸಾಕು. ಹೊಸದರಲ್ಲಿ ಕೇಬಲ್ ಸ್ವಲ್ಪ ಸಡಿಲ ಆಗುತ್ತೆ, ಚೈನು ದೊಡ್ಡ ಹಲ್ಲಿಗೆ ಹತ್ತಲು ತಡಮಾಡುತ್ತೆ. ಹಿಂದಿನ ಗೇರಿಗೆ ಕೇಬಲ್ ಸೇರುವ ಕಡೆಯ ತಿರುಪನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ ನೋಡಿ. ಸೈಕಲ್ ಬಲಕ್ಕೆ ಬಿದ್ದ ಮೇಲೆ ಗೇರ್ ಕೆಟ್ಟಿದ್ದರೆ ತಿರುಪು ಮುಟ್ಟಬೇಡಿ. ಗೇರ್ ತಗುಲಿಹಾಕಿರುವ ಕೊಕ್ಕೆ ಬಾಗಿರುತ್ತೆ, ಹಾಗೇ ತುಳಿದರೆ ಅದು ಕಡ್ಡಿಗೆ ಸಿಕ್ಕಿಕೊಳ್ಳುತ್ತೆ. ಮಲಗಿಸುವಾಗ ಯಾವಾಗಲೂ ಎಡಕ್ಕೆ ಮಲಗಿಸಿ.

ಕೊನೆಗೆ ಪೆಡ್ಲು. ಕಾಲೇಜಿನಲ್ಲಿದ್ದಾಗ ನನ್ನ ಸೈಕಲ್ಲಿಗೆ ಎಡಗಡೆ ಪೆಡ್ಲು ಹಾಕಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಅಲ್ಲಿದ್ದ ಹುಡುಗ ಬಲಗಡೆ ಪೆಡ್ಲನ್ನೇ ಎಡಕ್ಕೆ ಹಾಕಿ, ಹೋಗದಿದ್ದಾಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸಿದ. ಕ್ರ್ಯಾಂಕಿನ ಥ್ರೆಡ್ ಪೂರ್ತಿ ಹೋಯಿತು. ಮೂರು ದಿನಕ್ಕೆ ನಡುರಸ್ತೆಯಲ್ಲಿ ಪೆಡ್ಲು ಕಳಚಿ ನಾನು ಬಿದ್ದೆ. ಬಲಗಡೆ ಪೆಡ್ಲು ಎಲ್ಲ ಸ್ಕ್ರೂ ಹಾಗೆ ಗಡಿಯಾರದ ದಿಕ್ಕಿಗೆ ಬಿಗಿಯಾಗುತ್ತೆ. ಎಡಗಡೆಯದು ಉಲ್ಟಾ. ಅಚ್ಚಿನ ತುದಿಯಲ್ಲಿ ಎಲ್, ಆರ್ ಅಂತ ಅಕ್ಷರ ಇರುತ್ತೆ. ಎರಡೂ ಒಂದೇ ಥರ ಇದ್ದಿದ್ದರೆ ತುಳಿಯುವಾಗ ಅಚ್ಚಿನ ಸುತ್ತ ತಿರುಗುವ ಒತ್ತಡಕ್ಕೆ ಎಡಗಡೆಯದು ತಾನಾಗೇ ಬಿಚ್ಚಿಕೊಳ್ಳುತ್ತಿತ್ತು. ಮೊದಲ ಎರಡು ಮೂರು ಸುತ್ತು ಬರಿ ಬೆರಳಲ್ಲೇ ತಿರುಗಬೇಕು. ತಿರುಗಲಿಲ್ಲ ಅಂದರೆ ಏನೋ ತಪ್ಪಾಗಿದೆ, ನಿಲ್ಲಿಸಿ.

(ಇಲ್ಲಿಗೆ ಮಾತು ನಿಲ್ಲಿಸಿ ಎಲ್ಲರೂ ಅಂಗಳಕ್ಕೆ ಹೋದೆವು. ಮುಂದಿನದು ನೆನಪಿನಿಂದ ಬರೆದದ್ದು.)

ಮೊದಲು ಹಿಂದಿನ ಚಕ್ರ ಎತ್ತಿ ಕೈಯಲ್ಲಿ ಪೆಡ್ಲು ತಿರುಗಿಸಿದೆ. ಸದ್ದೇ ಇಲ್ಲ. ಹುಡುಗನಿಗೆ ಹತ್ತಲು ಹೇಳಿದೆ. ಟಕ್, ಟಕ್. ಎಣಿಸಿ ಅಂದೆ. ಬಲಗಾಲು ಕೆಳಗೆ ಬಂದಾಗ ಒಂದು ಸಲ. ತುಳಿಯುವುದನ್ನು ನಿಲ್ಲಿಸು ಅಂದೆ. ಸದ್ದು ನಿಂತಿತು. "ಕ್ರ್ಯಾಂಕ್! ಕಾಟರ್ ಪಿನ್!" ಅಂತ ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಕಾಟರ್ ಪಿನ್ ಅಂದರೆ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯಾಗಿ ಹಿಡಿಯುವ ಪಿನ್ನು. ನನಗೂ ಮೊದಲು ಹಾಗೇ ಅನ್ನಿಸಿತು. ಅಂಗಡಿಯವರೂ ಇಲ್ಲಿಯವರೆಗೆ ಬಂದು ನಿಂತಿದ್ದರು. ಪೆಡ್ಲು ಹೊಸದು, ಗುಂಡು ಹೊಸದು. ಕಾಟರ್ ಪಿನ್ ಹಿಡಿದು ಅಲ್ಲಾಡಿಸಿದೆ, ಬಿಗಿಯಾಗಿತ್ತು. ಕಾಲಿನ ಬಲಕ್ಕೆ ಅಲ್ಲಾಡುವುದು ಇನ್ನೇನಿದೆ ಅಂತ ಯೋಚಿಸಿದೆ.

"ಈಗ ಸೀಟಿಂದ ಎದ್ದು ನಿಂತ್ಕೊಂಡು ತುಳಿ" ಅಂದೆ.

ಹುಡುಗ ಎದ್ದು ನಿಂತು ಅಂಗಳ ಸುತ್ತಿದ. ಸದ್ದಿಲ್ಲ. ಕೂತ. ಟಕ್, ಟಕ್. ಒಂದು ಕಾಲು ಒತ್ತಿದಾಗಲೆಲ್ಲ ನಮ್ಮ ಭಾರ ಸೀಟಿನ ಮೇಲೆ ಒಂದು ಪಕ್ಕಕ್ಕೆ ಹೋಗುತ್ತೆ. ಸೀಟಿನ ಕೆಳಗಿನ ಹಿಡಿಕೆಯ ನಟ್ಟು ಸಡಿಲ ಆಗಿತ್ತು, ಸುತ್ತ ತುಕ್ಕು ಪುಡಿ. ಸೀಟು ಬಿಚ್ಚಿ, ಒರೆಸಿ, ಕಂಬಿ ಕೂರುವ ಕಡೆ ಒಂಚೂರು ಗ್ರೀಸ್ ಸವರಿ, ಎರಡೂ ಕಡೆ ನಟ್ಟು ಬಿಗಿ ಮಾಡಲು ಅವನ ಕೈಗೇ ಸ್ಪ್ಯಾನರ್ ಕೊಟ್ಟೆ. ಅವನಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಹುಡುಗ ಮತ್ತೆ ಹತ್ತಿ ಮೂರು ಸುತ್ತು ಹೊಡೆದ. ಮಣ್ಣಿನ ಮೇಲೆ ಟೈರು ಉರುಳುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗಿ ತನ್ನ ಸೈಕಲ್ ತಳ್ಳಿಕೊಂಡು ಮುಂದೆ ಬಂದಳು. ನಾನು ಕೇಳುವ ಮುಂಚೆಯೇ ಹೇಳಿದಳು.

"ಮಿಸ್, ನಂದು ತುಳಿಯೋದ್ ನಿಲ್ಸಿದ್ರೂ ಬತ್ತದೆ."